ಹಳೇ ಬಟ್ಟೆಯ ಹಾಸಿಗೆ-ಹೊದಿಕೆ: ಯಾವ ಬಟ್ಟೆ ಯಾವುದಕ್ಕೆ ಒದಗುತ್ತದೆ?

ಹಳೇ ಬಟ್ಟೆ ಗುಡ್ಡೆ ಹಾಕಿಕೊಂಡು ಹೊಲಿಯಲು ಕೂತವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಹೋಗಬೇಕಾದ್ದು ಒಗೆತದ ಮೇಲೆ. ಮೇಲುಹಾಸು ವಾರಕ್ಕೊಮ್ಮೆ ನೀರಿಗೆ ಬೀಳುತ್ತದೆ, ದಿಂಬಿನ ಗವಸು ಅದಕ್ಕಿಂತ ಹೆಚ್ಚು ಸಲ. ರಜಾಯಿಯ ಗವಸು ತಿಂಗಳಿಗೊಮ್ಮೆ ಒಗೆದರೆ ಸಾಕು. ಕೌದಿಗೆ (ಹಳೇ ಬಟ್ಟೆಯ ಪದರಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆ) ವರ್ಷದಲ್ಲಿ ಎರಡೋ ಮೂರೋ ಒಗೆತ. ಹೆಚ್ಚು ಒಗೆಯುವ ವಸ್ತುವಿಗೆ ಗಟ್ಟಿ ಬಟ್ಟೆ ಬೇಕು, ಹೊಲಿಗೆ ಕಡಿಮೆ ಇರಬೇಕು. ಅಪರೂಪಕ್ಕೆ ಒಗೆಯುವುದಕ್ಕೆ ನವೆದ ಬಟ್ಟೆಯೂ ನಡೆಯುತ್ತದೆ, ತುಂಡುಗಳು ಎಷ್ಟಿದ್ದರೂ ನಡೆಯುತ್ತದೆ. ಈ ಲೆಕ್ಕ ತಲೆಕೆಳಗಾದರೆ, ಅಂದರೆ ಚೆಂದದ ತುಂಡುಗಳನ್ನೆಲ್ಲ ಜೋಡಿಸಿ ಮೇಲುಹಾಸು ಹೊಲಿದು, ಇಡೀ ಸೀರೆಯನ್ನು ಕೌದಿಯ ಒಳಪದರಕ್ಕೆ ಹಾಕಿದರೆ, ಆರು ತಿಂಗಳೊಳಗೆ ಮೇಲುಹಾಸು ಹೊಲಿಗೆ ಬಿಡುತ್ತದೆ. ಒಳ್ಳೆಯ ಸೀರೆ ಯಾರ ಕಣ್ಣಿಗೂ ಬೀಳದೆ ಒಳಗೇ ಉಳಿಯುತ್ತದೆ.

ನೂಲು ಯಾವುದು?

ಬೇರೆಯವರು ತೊಟ್ಟು ಬಿಟ್ಟ ಬಟ್ಟೆಯಲ್ಲಿ ಲೇಬಲ್ ಉಳಿದಿರುವುದೇ ಅಪರೂಪ. ಎರಡು ಪರೀಕ್ಷೆಗಳು ಸಾಕು. ಒಂದು, ಒಗೆದು ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡುವುದು. ಹತ್ತಿಯಾದರೆ ಹನಿ ಕೂಡಲೇ ಇಂಗಿ ಹರಡುತ್ತದೆ, ಪಾಲಿಯೆಸ್ಟರ್ ಆದರೆ ಮುತ್ತಿನಂತೆ ಕೂರುತ್ತದೆ. ಇನ್ನೊಂದು, ಸುಡುವ ಪರೀಕ್ಷೆ. ಉದ್ದದ ಎಳೆ ನಾಲ್ಕೈದು, ಅಡ್ಡದ ಎಳೆ ನಾಲ್ಕೈದು ಬೇರೆಬೇರೆಯಾಗಿ ಬಿಡಿಸಿ, ಚಿಮಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ ಹಚ್ಚಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಸರಸರನೆ ಉರಿಯುತ್ತದೆ. ಬೂದಿ ಮುಟ್ಟಿದರೆ ಪುಡಿ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಗುಂಡಾಗುತ್ತದೆ. ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಬೂದಿಯ ನಡುವೆ ಚಿಕ್ಕಚಿಕ್ಕ ಗಟ್ಟಿ ಗುಂಡು ಸಿಕ್ಕರೆ ಅದು ಬೆರಕೆ. ಹಾಸು (ಉದ್ದದ ಎಳೆ) ಒಂದು ನೂಲು, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಇರುವ ಬಟ್ಟೆಗಳೂ ಇವೆ, ಅದಕ್ಕೇ ಎಳೆಗಳನ್ನು ಬೇರೆಬೇರೆ ಸುಡಬೇಕು.

ಈ ಪರೀಕ್ಷೆಗಳಿಗೆ ಸಿಕ್ಕಿಬೀಳದ ಕಳ್ಳ ಎಂದರೆ ರೇಯಾನ್ (ವಿಸ್ಕೋಸ್ ಎಂದೂ ಬರೆದಿರುತ್ತಾರೆ). ನೀರೂ ಹೀರುತ್ತದೆ, ಹತ್ತಿಯಂತೆಯೇ ಉರಿಯುತ್ತದೆ, ಕೈಗೆ ಹತ್ತಿಗಿಂತ ನುಣುಪು. ಆದರೆ ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ, ರೇಯಾನಿನ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅನುಮಾನ ಬಂದರೆ ಒಂದು ಎಳೆಯನ್ನು ನಾಲಿಗೆಯಲ್ಲೋ ನೀರಲ್ಲೋ ತೋಯಿಸಿ ಎಳೆಯಿರಿ. ತೋಯ್ದ ಜಾಗದಲ್ಲೇ ಪಟ್ಟನೆ ತುಂಡಾದರೆ ರೇಯಾನ್. ನೀರು ಕುಡಿದ ಭಾರದ ಹೊದಿಕೆಯನ್ನು ಬಕೆಟ್ಟಿನಿಂದ ಎತ್ತುವಾಗ ಹೊಲಿಗೆಯ ಪಕ್ಕದಲ್ಲಿ ಹರಿಯುವುದು ಈ ಬಟ್ಟೆಯೇ. ಹತ್ತಿಯ ತುಂಡಿನ ಪಕ್ಕ ರೇಯಾನ್ ತುಂಡು ಹೊಲಿದರೆ ಇನ್ನೊಂದು ತೊಂದರೆ: ಅದು ಮತ್ತೆ ಮತ್ತೆ ಕುಗ್ಗಿ, ಪಕ್ಕದ ಹತ್ತಿಯನ್ನೂ ಸುಕ್ಕಾಗಿಸುತ್ತದೆ.

ನೂಲು ಗೊತ್ತಾದ ಮೇಲೆ ಬಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನವೆದ ಕಡೆ ಬೆಳಕು ಜರಡಿಯಿಂದ ಬಂದಂತೆ ಕಾಣುತ್ತದೆ. ಎರಡು ಹೆಬ್ಬೆರಳುಗಳ ನಡುವೆ ನಾಲ್ಕು ಸೆಂ.ಮೀ. ಜಾಗ ಬಿಟ್ಟು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಲವಾಗಿ ಎಳೆಯಿರಿ. ಚಿರ್ ಎಂದು ಸದ್ದು ಬಂದರೂ ಸಾಕು, ಆ ಭಾಗ ಪಿಸಿದಿದೆ, ಬಿಡಿ. ಶರ್ಟಿನಲ್ಲಿ ಕಂಕುಳು, ಕಾಲರಿನ ಮಡಿಕೆ, ಮೊಣಕೈ ಮೊದಲು ಹೋಗುತ್ತವೆ. ಕಂಕುಳಿನ ಹಳದಿ ಕಲೆ ಗಟ್ಟಿಯಾಗಿದ್ದರೆ ಅಲ್ಲಿ ನೂಲೇ ಸತ್ತಿರುತ್ತದೆ. ಸೀರೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ತುದಿ, ಪಾದಕ್ಕೆ ಉಜ್ಜುವ ಕೆಳ ಅಂಚಿನ ಒಂದು ಗೇಣು, ಸೆರಗಿಗೆ ಪಿನ್ನು ಚುಚ್ಚಿದ ಜಾಗ. ಪ್ಯಾಂಟಿನಲ್ಲಿ ಮಂಡಿ ಮತ್ತು ಕೂರುವ ಭಾಗ.

ಹೊಲಿಯುವ ಮೊದಲಿನ ಒಗೆತ

ಗೊತ್ತಿಲ್ಲದ ಮನೆಯಿಂದ ಬಂದ ಬಟ್ಟೆಯ ಚೀಲವನ್ನು ಮಲಗುವ ಕೋಣೆಯಲ್ಲಿ ಬಿಚ್ಚಬೇಡಿ. ತಿಗಣೆ ಹೊಲಿಗೆಯ ಮಡಿಕೆಗಳಲ್ಲಿ ಅಡಗಿ ಬರುತ್ತದೆ, ಅದರಲ್ಲೂ ಕಾಲರ್ ಮತ್ತು ಪಟ್ಟಿಗಳಲ್ಲಿ. ಹತ್ತಿಯನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ತಿಗಣೆ, ಧೂಳಿನ ನುಸಿ ಎರಡೂ ಸಾಯುತ್ತವೆ. ಬಿಸಿ ತಡೆಯದ ಉಣ್ಣೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ಪೂರ್ಣ ದಿನ ಇಡುವುದು ದಾರಿ. ಅಂದಹಾಗೆ, ಬಿಸಿಲಿಗೆ ಒಂದು ದಿನ ಹರಡಿದರೆ ಸಾಕೆಂಬ ನಂಬಿಕೆ ಇದೆ. ಬಟ್ಟೆ ಬಿಸಿಯಾದಂತೆ ತಿಗಣೆ ಮಡಿಕೆಯ ನೆರಳಿಗೆ ಸರಿದುಕೊಳ್ಳುತ್ತದೆ, ಅಷ್ಟೇ.

ಈ ಒಗೆತದಿಂದ ಇನ್ನೊಂದು ಲಾಭವಿದೆ. ಹತ್ತಾರು ಸಲ ಒಗೆದ ಹಳೇ ಹತ್ತಿಬಟ್ಟೆ ಕುಗ್ಗಬೇಕಾದಷ್ಟು ಕುಗ್ಗಿ ಆಗಿರುತ್ತದೆ, ಹೊಸ ಬಟ್ಟೆಗೆ ಆ ಗುಣವಿಲ್ಲ. ಡ್ರೈಕ್ಲೀನ್ ಮಾತ್ರ ಕಂಡ ಬಟ್ಟೆ ಹಾಗಲ್ಲ, ಮೊದಲ ನೀರಿಗೇ ಕುಗ್ಗೀತು. ಬಣ್ಣ ಬಿಡುತ್ತದೆಯೇ ಎಂದು ನೋಡಲು ಬಿಳಿ ಒದ್ದೆಬಟ್ಟೆಯನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಕಡುಗೆಂಪು, ಕಡುನೀಲಿ, ಕಪ್ಪು ಇವಕ್ಕೆ ಈ ಪರೀಕ್ಷೆ ತಪ್ಪಿಸಬೇಡಿ. ಗುಂಡಿ, ಹುಕ್ಕು, ಸೀರೆಯ ಫಾಲ್ ಬಿಚ್ಚುವುದನ್ನು ಒಗೆದ ಮೇಲೆ ಮಾಡುವುದು ಸುಲಭ.

ಮೇಲುಹಾಸು: ಸೀರೆ, ಪಂಚೆ, ಶರ್ಟು

ಇಲ್ಲಿ ಪೈಪೋಟಿಯೇ ಇಲ್ಲ. ಶರ್ಟಿನ ತುಂಡುಗಳಿಂದ ಮೇಲುಹಾಸು ಹೊಲಿಯಬಾರದು. ಬೆನ್ನಿನ ಕೆಳಗೆ ನೂರಾರು ಹೊಲಿಗೆಯ ದಿಂಡು ಒತ್ತುತ್ತವೆ, ಒಂದೊಂದೂ ಹರಿಯಲು ಕಾದ ಜಾಗ. ಉದ್ದದ ಬಟ್ಟೆಯೇ ಬೇಕು.

ಒಬ್ಬರ ಹಾಸಿಗೆ 90×190 ಸೆಂ.ಮೀ., ದಪ್ಪ 15 ಎಂದುಕೊಳ್ಳಿ. ಎರಡೂ ಬದಿ ಇಳಿಯಲು 15, ಕೆಳಗೆ ಸಿಕ್ಕಿಸಲು 15 ಸೇರಿಸಿದರೆ 150 ಅಗಲ, 250 ಉದ್ದದ ಆಸುಪಾಸು ಬಟ್ಟೆ ಬೇಕು. ಸುಮಾರು 3.8 ಮೀಟರ್ ಉದ್ದ, 1.25 ಅಗಲದ ಹತ್ತಿ ಪಂಚೆ ಇದಕ್ಕೆ ಹೇಳಿ ಮಾಡಿಸಿದಂತಿದೆ. 2.5 ಮೀಟರಿನ ತುಂಡನ್ನು ನಡುವಿಗೆ ಇಡಿ. ಉಳಿದ 1.3 ಮೀಟರಿನಿಂದ 18 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಕತ್ತರಿಸಿ, ಎರಡೆರಡನ್ನು ಉದ್ದಕ್ಕೆ ಜೋಡಿಸಿ, ಎರಡು ಬದಿಗೆ ಹೊಲಿಯಿರಿ. ನಡುವಿನ ತುಂಡು ಹಾಸಿಗೆಗಿಂತ 35 ಸೆಂ.ಮೀ. ಅಗಲವಿರುವುದರಿಂದ ಎರಡೂ ಜೋಡಣೆಗಳು ಅಂಚು ದಾಟಿ ಹಾಸಿಗೆಯ ಅಡಿಗೇ ಹೋಗುತ್ತವೆ. ಮಲಗಿದವರ ಮೈಗೆ ಒಂದು ಹೊಲಿಗೆಯೂ ತಾಕುವುದಿಲ್ಲ.

ಇಬ್ಬರ ಹಾಸಿಗೆಗೆ ಸೀರೆ. 5.5 ಮೀಟರಿನ, 1.15 ಅಗಲದ ಹತ್ತಿ ಸೀರೆಯನ್ನು ನಡುವೆ ಕತ್ತರಿಸಿದರೆ 2.75 ಮೀಟರಿನ ಎರಡು ತುಂಡು. ಪಕ್ಕಪಕ್ಕ ಹೊಲಿದರೆ ಸುಮಾರು 2.2 ಮೀಟರ್ ಅಗಲ ಸಿಗುತ್ತದೆ, 150×200ರ ಹಾಸಿಗೆಗೆ ಧಾರಾಳ. ಇಲ್ಲೊಂದು ಕೈಚಳಕವಿದೆ. ಎರಡನೇ ತುಂಡನ್ನು ತಿರುಗಿಸಿ, ಅದರ ಮೇಲಂಚು ಮೊದಲ ತುಂಡಿನ ಮೇಲಂಚಿಗೆ ತಾಗುವಂತೆ ಇಡಿ. ಆಗ ಪಾದಕ್ಕೆ ಉಜ್ಜಿ ನವೆದ ಕೆಳಂಚುಗಳು ಎರಡೂ ಹೊರಗೆ ಹೋಗಿ ಹಾಸಿಗೆಯ ಕೆಳಗೆ ಸೇರುತ್ತವೆ, ಗಟ್ಟಿ ಅಂಚುಗಳು ನಡುವೆ ಬರುತ್ತವೆ. ಒಂದು ಕಡೆ ಹೂವು ತಲೆಕೆಳಗಾಗಿ ಕಾಣುತ್ತದೆ ನಿಜ, ಹಾಸಿದ ಮೇಲೆ ಯಾರೂ ಗಮನಿಸುವುದಿಲ್ಲ. ಜೋಡಣೆಯನ್ನು ಜೀನ್ಸ್ ಪ್ಯಾಂಟಿನ ಕಾಲಿನಲ್ಲಿರುವಂತೆ ಹಾಕಬೇಕು: ಒಂದು ಅಂಚನ್ನು ಇನ್ನೊಂದರಿಂದ ಸುತ್ತಿ, ಚಪ್ಪಟೆ ಮಾಡಿ, ಎರಡು ಸಾಲು ಹೊಲಿಗೆ. ಒಂದೇ ಸಾಲು ಹಾಕಿ ಅಂಚು ಬಿಟ್ಟರೆ ಅದು ಒಗೆದಾಗೆಲ್ಲ ಸುರುಳಿಯಾಗಿ ಬೆನ್ನಿಗೆ ದಾರದಂತೆ ಒತ್ತುತ್ತದೆ.

ಹಳೇ ಬಟ್ಟೆಗೆ ಚಿಕ್ಕ ಹೊಲಿಗೆ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಉಲ್ಟಾ. 1.5 ಮಿ.ಮೀ. ಹೊಲಿಗೆ ಹಾಕಿದರೆ ಸೂಜಿಯ ತೂತುಗಳು ಅಂಚೆಚೀಟಿಯ ಅಂಚಿನಂತೆ ಸಾಲಾಗಿ, ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ. 2.5ರಿಂದ 3 ಮಿ.ಮೀ. ಇಡಿ, ತೆಳು ಬಟ್ಟೆಗೆ 70 ಅಥವಾ 80 ನಂಬರಿನ ಸೂಜಿ ಹಾಕಿ. ದಾರ ಬಟ್ಟೆಗಿಂತ ಬಲವಾಗಿರಬಾರದು. ಜಗ್ಗಿದಾಗ ದಾರ ತುಂಡಾದರೆ ಐದು ನಿಮಿಷದ ಕೆಲಸ, ಬಟ್ಟೆ ಹರಿದರೆ ತೇಪೆ.

ಪಾಲಿಯೆಸ್ಟರ್ ಸೀರೆಗಳು ಹೆಚ್ಚು ಸಿಗುತ್ತವೆ, ಬಣ್ಣ ಮಾಸುವುದಿಲ್ಲ, ಬೇಗ ಒಣಗುತ್ತವೆ. ಆದರೂ ಮೈಯಡಿಗೆ ಬೇಡ. ಬೆವರು ಹೀರದು, ಜಾರುತ್ತದೆ, ಬೆಳಗಾಗುವಷ್ಟರಲ್ಲಿ ಹಾಸು ಕಾಲ ಬುಡದಲ್ಲಿರುತ್ತದೆ. ಹಗಲು ಧೂಳಿಗೆ ಮೇಲೆ ಹೊದಿಸುವ ಹೊದ್ದಿಕೆಗೆ ಅದೇ ಸರಿ.

ದಿಂಬಿನ ಗವಸು

ಶರ್ಟಿನ ಮುಂಭಾಗವನ್ನೇ ಗುಂಡಿ ಸಮೇತ ಗವಸು ಮಾಡುವ ಐಡಿಯಾ ಎಲ್ಲೆಲ್ಲೂ ಕಾಣುತ್ತದೆ. ಗುಂಡಿಪಟ್ಟಿಯೇ ಬಾಯಿಯಾಗುತ್ತದೆ, ಕಾಜ ಹೊಲಿಯುವ ತಾಪತ್ರಯವಿಲ್ಲ. ಆದರೆ ಅಳತೆಗೆ ಕೂರುವುದು ಚಿಕ್ಕ ದಿಂಬಿಗೆ ಮಾತ್ರ. ದೊಡ್ಡವರ ಶರ್ಟಿನಲ್ಲಿ ಕಂಕುಳಿನಿಂದ ಕೆಳಗೆ ಸಿಗುವ ಸರಿಯಾದ ಚೌಕ ಸುಮಾರು 45 ಸೆಂ.ಮೀ.; ಅದರ ಮೇಲೆ ತೋಳಿನ ಕತ್ತರಿ ಒಳಕ್ಕೆ ಬರುತ್ತದೆ. 40×40 ಒರಗುದಿಂಬಿಗೆ ಸರಿ. 45×70ರ ಮಲಗುವ ದಿಂಬಿಗೆ ತೋಳಿನ ಕಡೆ ಪಟ್ಟಿ ಸೇರಿಸಿ ಹೊಲಿಯಬೇಕು, ಆಗ ಸುಲಭದ ಕೆಲಸವೆಂಬ ಮಾತೇ ಉಳಿಯಲಿಲ್ಲ. ಜೊತೆಗೆ ಗುಂಡಿಗಳಿರುವ ಬದಿ ಕೆನ್ನೆಯ ಕೆಳಗೆ ಬಂದರೆ ಬೆಳಿಗ್ಗೆ ಮುಖದ ಮೇಲೆ ಗುಂಡಿಯ ಗುರುತು.

ಮಲಗುವ ದಿಂಬಿಗೆ ಲುಂಗಿ ಉತ್ತಮ. 2 ಮೀಟರ್ ಉದ್ದ, 1.15 ಅಗಲದ ಒಂದು ಲುಂಗಿಯಿಂದ 51 ಸೆಂ.ಮೀ. ಅಗಲ, 168 ಉದ್ದದ ಎರಡು ಪಟ್ಟಿ ಬರುತ್ತವೆ. ಒಂದೊಂದೂ ಒಂದು ಗವಸು. ಪಟ್ಟಿಯ ಎರಡು ಕಿರಿ ಅಂಚುಗಳನ್ನು 2 ಸೆಂ.ಮೀ. ಮಡಚಿ ಹೊಲಿಯಿರಿ. ಒಂದು ತುದಿಯಲ್ಲಿ 20 ಸೆಂ.ಮೀ.ಯನ್ನು ದಿಂಬನ್ನು ಮುಚ್ಚುವ ನಾಲಿಗೆಯಾಗಿ ಬಿಡಬೇಕು. ಉಳಿದದ್ದು 72ರಂತೆ ಎರಡು ಮುಖ. ಬಟ್ಟೆಯ ಮೇಲ್ಮೈ ಮೇಲೆ ಕಾಣುವಂತೆ ಹಾಸಿ, ಮೊದಲು ನಾಲಿಗೆಯಿಲ್ಲದ ತುದಿಯ ಮುಖವನ್ನು ಇನ್ನೊಂದು ಮುಖದ ಮೇಲೆ ಮಡಚಿ, ಆಮೇಲೆ ನಾಲಿಗೆಯನ್ನು ಅದರ ಮೇಲೆ ಮಡಚಿ, ಎರಡು ಬದಿಗಳನ್ನು 1.5 ಸೆಂ.ಮೀ. ಒಳಗೆ ಹೊಲಿದು ತಿರುವಿ. ಮಡಚುವ ಕ್ರಮ ತಪ್ಪಿದರೆ ನಾಲಿಗೆ ಹೊರಗೆ ಬರುತ್ತದೆ. ಮೊದಲ ಸಲ ಪಿನ್ನು ಚುಚ್ಚಿ, ತಿರುವಿ ನೋಡಿ, ಆಮೇಲೆ ಹೊಲಿಯುವುದು ಜಾಣತನ.

ತೇಪೆ ಜೋಡಿಸಿದ ರಜಾಯಿಯ ಗವಸು

ಶರ್ಟುಗಳಿಗೆ ತಕ್ಕ ಜಾಗ ಇದೇ. ಒಗೆತ ಕಡಿಮೆ, ಮೈಭಾರ ಬೀಳುವುದಿಲ್ಲ, ಮೇಲಿನ ಮುಖವೊಂದೇ ಕಾಣುತ್ತದೆ. ಮೇಲಕ್ಕೆ ಶರ್ಟಿನ ತೇಪೆ, ಅಡಿಗೆ ಸೀರೆ ಎಂದಿಟ್ಟುಕೊಂಡರೆ ಕೆಲಸ ಅರ್ಧ.

15 ಸೆಂ.ಮೀ. ಚೌಕ ಕತ್ತರಿಸಿ, ಸುತ್ತ 7.5 ಮಿ.ಮೀ. ಹೊಲಿಗೆಗೆ ಬಿಟ್ಟರೆ ಉಳಿಯುವುದು 13.5. ಅಗಲಕ್ಕೆ 11, ಉದ್ದಕ್ಕೆ 16 ಚೌಕ, ಒಟ್ಟು 176. ಸಿದ್ಧವಾದಾಗ ಸುಮಾರು 148×216. ಉದ್ದತೋಳಿನ ದೊಡ್ಡ ಶರ್ಟಿನ ಬೆನ್ನಿನಲ್ಲಿ 10ರಿಂದ 12, ಮುಂಭಾಗದ ಎರಡು ಹೋಳಿನಲ್ಲಿ 6 ಅಥವಾ 7, ತೋಳುಗಳಲ್ಲಿ 6ರವರೆಗೆ ಚೌಕ ಬರುತ್ತವೆ. ಕಲೆ, ನವೆದದ್ದು ಕಳೆದು 22 ಸಿಕ್ಕಿತೆಂದರೆ ಎಂಟು ಶರ್ಟು, ಒಂಬತ್ತು ಇಟ್ಟುಕೊಳ್ಳಿ.

ಕತ್ತರಿಸುವಾಗ ಎಳೆಯ ದಿಕ್ಕು ನೋಡಬೇಕು. ಶರ್ಟಿನಲ್ಲಿ ಗುಂಡಿಪಟ್ಟಿಗೆ ಸಮಾನಾಂತರವಾದದ್ದು ಉದ್ದದ ಎಳೆ. ತೋಳಿನಲ್ಲಿ ಅದು ತೋಳಿನ ನಡುಗೆರೆ, ಪಕ್ಕದ ಹೊಲಿಗೆಯಲ್ಲ. ಪಕ್ಕದ ಹೊಲಿಗೆಗೆ ಸ್ಕೇಲಿಟ್ಟು ಕತ್ತರಿಸಿದರೆ ಚೌಕ ಓರೆಯಾಗಿ ರಬ್ಬರಿನಂತೆ ಜಗ್ಗುತ್ತದೆ, ಗವಸು ಅಲೆಅಲೆಯಾಗುತ್ತದೆ. ಮೆತ್ತಗಾದ ಹಳೇ ಬಟ್ಟೆಗೆ ತೆಳುಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡರೆ ಕತ್ತರಿಯ ಕೆಳಗೆ ಜರುಗುವುದಿಲ್ಲ.

ಈ 176 ಚೌಕಗಳ ಜೋಡಣೆಗೆ ಸುಮಾರು 46 ಮೀಟರ್ ಹೊಲಿಗೆ ಬೇಕು. ಸೀರೆಯ ಮೇಲುಹಾಸಿನ ಜೋಡಣೆಗೆ ಎರಡು ಸಾಲು ಸೇರಿ 5.5 ಮೀಟರ್. ಮೊದಲ ಸಲ ಹೊಲಿಯುವವರು ಈ ಅಂತರ ತಿಳಿದೇ ಕೈ ಹಾಕಲಿ. ತಪ್ಪೂ ಕೂಡುತ್ತಾ ಹೋಗುತ್ತದೆ: ಒಂದೊಂದು ಜೋಡಣೆಯಲ್ಲಿ 2 ಮಿ.ಮೀ. ಹೆಚ್ಚು ತಿಂದರೆ, 10 ಜೋಡಣೆಯ ಸಾಲು 2 ಸೆಂ.ಮೀ. ಗಿಡ್ಡ. ಒಂದು ಸಾಲು ಗಿಡ್ಡ, ಪಕ್ಕದ್ದು ಸರಿ ಎಂದಾದರೆ ಮೂಲೆಗಳು ಕೂಡುವುದಿಲ್ಲ. ಪ್ರತಿ ಸಾಲು ಮುಗಿದಾಗ ಟೇಪಿಟ್ಟು ಅಳೆಯಿರಿ. ಸಮಸಂಖ್ಯೆಯ ಸಾಲಿನ ಹೊಲಿಗೆದಿಂಡನ್ನು ಎಡಕ್ಕೆ, ಬೆಸಸಂಖ್ಯೆಯದನ್ನು ಬಲಕ್ಕೆ ಇಸ್ತ್ರಿ ಮಾಡಿದರೆ ಮೂಲೆಯಲ್ಲಿ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಗವಸಿನ ಒಳಗಿನ ಅಂಚುಗಳು ಬಿಡಿಯಾಗಿ ಉಜ್ಜುವುದರಿಂದ ಅವಕ್ಕೆ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹಾಕಲೇಬೇಕು. ಕೌದಿಯಲ್ಲಾದರೆ ಅವು ಪದರದೊಳಗೆ ಸಿಕ್ಕಿಬೀಳುತ್ತವೆ, ಈ ಕೆಲಸ ಇಲ್ಲ.

ಗುಂಡಿಪಟ್ಟಿಗಳನ್ನು ಎಸೆಯಬೇಡಿ. ಎರಡು ಶರ್ಟಿನ ಪಟ್ಟಿಗಳನ್ನು, ಎರಡೂ ಬದಿ 10 ಸೆಂ.ಮೀ. ಬಟ್ಟೆ ಬಿಟ್ಟು ಕತ್ತರಿಸಿ, ತುದಿಗೆ ತುದಿ ಜೋಡಿಸಿದರೆ ಒಬ್ಬರ ಗವಸಿನ ಬಾಯಿಗೆ ಬೇಕಾದಷ್ಟು ಉದ್ದ ಸಿಗುತ್ತದೆ. ಅದು ಕಾಲಿನ ತುದಿಗಿರಲಿ. ಒಳಮೂಲೆ ನಾಲ್ಕಕ್ಕೂ 15 ಸೆಂ.ಮೀ. ಲಾಡಿ ಹೊಲಿದು ರಜಾಯಿಗೆ ಕಟ್ಟದಿದ್ದರೆ ಅದು ಒಳಗೇ ಉಂಡೆಯಾಗುತ್ತದೆ.

ಕೌದಿಯೋ, ಹತ್ತಿ ತುಂಬಿದ್ದೋ, ಗಂಟು ಹಾಕಿದ್ದೋ

ಕೌದಿಯ ಹಿರಿಮೆ ಅದು ನವೆದ ಬಟ್ಟೆಗೂ ಜೀವ ಕೊಡುವುದು. ಸಾವಿರಾರು ಹೊಲಿಗೆಗಳು ಭಾರವನ್ನು ಹಂಚಿಕೊಳ್ಳುವುದರಿಂದ ಒಂದು ಪದರ ಹರಿದರೂ ಪಕ್ಕದ ಪದರ ಹಿಡಿದುಕೊಳ್ಳುತ್ತದೆ. ಮೇಲುಹಾಸಿಗೆ ಬೇಡವಾದ ತೆಳುಸೀರೆಗಳು ಇಲ್ಲಿಗೇ ಸರಿ, ಸೂಜಿ ಸಲೀಸಾಗಿ ಹಾಯುತ್ತದೆ. ಗಟ್ಟಿಯಾದ ಹೊಸ ಬಟ್ಟೆ, ಪ್ಯಾಂಟಿನ ಬಟ್ಟೆ ಇದಕ್ಕೆ ಬೇಡ. ನಾಲ್ಕು ಪದರ ದಾಟುವಷ್ಟರಲ್ಲಿ ಬೆರಳು ನೋಯುತ್ತದೆ.

ಎರಡು ಹತ್ತಿ ಸೀರೆಯಿಂದ 140×210ರ ನಾಲ್ಕು ಪದರದ ಕೌದಿ ಬರುತ್ತದೆ. ಒಂದೊಂದು ಸೀರೆಯಿಂದ 2.1 ಮೀಟರಿನ ಎರಡು ತುಂಡು, ಉಳಿದ 1.3 ಮೀಟರಿನಿಂದ 27 ಸೆಂ.ಮೀ. ಪಟ್ಟಿಗಳು, ಅವನ್ನು ಸೇರಿಸಿ ಅಗಲ ತುಂಬಿಸಿ. ನಾಲ್ಕು ಪದರದ ಜೋಡಣೆಗಳೂ ಒಂದೇ ಗೆರೆಯಲ್ಲಿ ಬೀಳದಂತೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಡಿ. ನೆಲದ ಮೇಲೆ ಹಾಸಿ, ಸುಕ್ಕು ನೀವಿ, ನಡುವಿನಿಂದ ಹೊರಕ್ಕೆ 12 ಸೆಂ.ಮೀ.ಗೊಂದು ಸಾಲು ದೊಡ್ಡ ಕಚ್ಚಾಹೊಲಿಗೆ ಹಾಕಿ. ಈ ಕಚ್ಚಾಹೊಲಿಗೆ ಬಿಟ್ಟು ನೇರವಾಗಿ ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದರೆ ಮೇಲಿನ ಪದರ ಚೂರುಚೂರೇ ಜರುಗಿ, ಕೊನೆಗೆ ನಟ್ಟನಡುವೆ ದೋಸೆಯಂತೆ ಉಬ್ಬಿ ನಿಲ್ಲುತ್ತದೆ. ಆಗ ಅದನ್ನು ಮಡಚಿ ಹೊಲಿಯದೆ ಬೇರೆ ದಾರಿ ಇಲ್ಲ.

ಸಾಲಿನಿಂದ ಸಾಲಿಗೆ 2 ಸೆಂ.ಮೀ. ಎಂದರೆ 70 ಸಾಲು, ಒಂದೊಂದು 2.1 ಮೀಟರ್, ಒಟ್ಟು 147 ಮೀಟರ್ ಕೈಹೊಲಿಗೆ. ಗಂಟೆಗೆ 3 ಮೀಟರ್ ಸಾಗಿದರೂ ಸುಮಾರು 50 ಗಂಟೆ. ಸಾಲನ್ನು 4 ಸೆಂ.ಮೀ.ಗೆ ಹಾಕಿದರೆ ಸಮಯ ಅರ್ಧ; ಬಾಳಿಕೆಯೂ ಇಳಿಯುತ್ತದೆ, ಯಾಕೆಂದರೆ ಎರಡು ಸಾಲಿನ ನಡುವಿನ ಬಟ್ಟೆ ಒಗೆತದಲ್ಲಿ ಒಂಟಿಯಾಗಿ ಜಗ್ಗಬೇಕು. ದಾರವನ್ನು ಒಂದು ಮೊಳಕ್ಕಿಂತ ತುಸು ಹೆಚ್ಚು ಮಾತ್ರ ತೆಗೆದುಕೊಳ್ಳಿ, ಉದ್ದವಾದಷ್ಟೂ ಸಿಕ್ಕು. ತೀರ ಬಿಗಿಯಾಗಿ ಎಳೆದರೆ ಕೌದಿ ಹಪ್ಪಳದಂತೆ ಬಿರುಸಾಗುತ್ತದೆ, ಅಳತೆಯೂ ಕುಗ್ಗುತ್ತದೆ.

ಒಳಗೆ ಅರಳೆಯ ಹಾಳೆ ತುಂಬಿ ಮಿಷನ್ನಿನಲ್ಲಿ ಹೊಲಿಯುವ ಬಗೆ ಬೆಚ್ಚಗೆ, ಹಗುರ, ಎರಡು ಮೂರು ದಿನದ ಕೆಲಸ. ಆದರೆ ಇದಕ್ಕೆ ಮೇಲಿನ ಬಟ್ಟೆ ಗಟ್ಟಿಯಿರಬೇಕು. ಒಂದು ಕಡೆ ಹರಿದರೂ ಅರಳೆ ಹೊರಗೆ. ಹೊಲಿಗೆಸಾಲುಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಬಿಟ್ಟರೆ ಬಿಡಿ ಅರಳೆ ಮೊದಲ ಒಗೆತಕ್ಕೇ ಗಂಟುಗಟ್ಟುತ್ತದೆ. ಮಿಷನ್ನಿನ ಹಲ್ಲು ಕೆಳಪದರವನ್ನು ಮಾತ್ರ ಮುಂದೆ ಎಳೆಯುವುದರಿಂದ ಮೇಲಿನದು ಹಿಂದೆ ಉಳಿದು ಸುಕ್ಕಾಗುತ್ತದೆ. ಮೇಲಿನಿಂದಲೂ ನಡೆಸುವ ವಾಕಿಂಗ್ ಫುಟ್ ಇದ್ದರೆ ಈ ಕಾಟ ತಪ್ಪುತ್ತದೆ.

ಗಂಟು ಹಾಕುವುದು ಮೂರರಲ್ಲಿ ಬೇಗದ್ದು. 10 ಸೆಂ.ಮೀ.ಗೊಂದರಂತೆ ದಪ್ಪ ದಾರವನ್ನು ಎಲ್ಲ ಪದರ ದಾಟಿಸಿ ಗಂಟು ಬಿಗಿಯುವುದು. 150×215ಕ್ಕೆ ಸುಮಾರು 300 ಗಂಟು. ಒಂದೊಂದು ಗಂಟಿಗೂ ಬಟ್ಟೆ ಒಂದೇ ಬಿಂದುವಿನಲ್ಲಿ ಜಗ್ಗುತ್ತದೆ, ಹಾಗಾಗಿ ನವೆದ ಬಟ್ಟೆಗೆ ಇದು ಸಲ್ಲ. ಜೀನ್ಸ್, ಕಾರ್ಡುರಾಯ್, ಟೀ ಶರ್ಟಿಗೆ ಮಾತ್ರ ಸಲೀಸು.

ಜೀನ್ಸ್, ಟೀ ಶರ್ಟ್, ಸ್ವೆಟರ್

ಜೀನ್ಸ್ ಬಟ್ಟೆಯ ತೂಕ ಚದರ ಮೀಟರಿಗೆ 340ರಿಂದ 475 ಗ್ರಾಂ. ಒಬ್ಬರ ಹೊದಿಕೆಯ ಮೇಲ್ಪದರವೊಂದೇ ಹೊಲಿಗೆದಿಂಡು ಸೇರಿ ಒಂದೂವರೆ ಕಿಲೋ ದಾಟುತ್ತದೆ, ಒದ್ದೆಯಾದರೆ ಅದರ ದುಪ್ಪಟ್ಟು. ಹೊದೆಯಲು ಭಾರ, ನೆಲಕ್ಕೆ ಹಾಸಲು ಸೊಗಸು. ಕಾಲಿನ ಹಿಂಭಾಗದ ಬಟ್ಟೆ ಆರಿಸಿ, ಮುಂಭಾಗದ ಮಂಡಿ ಸವೆದಿರುತ್ತದೆ. 100ರ ಸೂಜಿ ಬೇಕು. ನಾಲ್ಕು ಮೂಲೆ ಕೂಡುವಲ್ಲಿ ಎಂಟು ಪದರದ ಗುಡ್ಡವಾಗುತ್ತದೆ. ಸೂಜಿ ಅದಕ್ಕೆ ತಾಗಿದಾಗ ಟಕ್ ಎಂಬ ಸದ್ದು ಬಂದರೆ ಕಾಲೊತ್ತುವುದು ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ದಿಂಡನ್ನು ಒಂದೇ ಬದಿಗೆ ಮಡಚದೆ ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿದರೆ ಗುಡ್ಡ ಅರ್ಧವಾಗುತ್ತದೆ. ಕಡುನೀಲಿ ಜೀನ್ಸಿನ ಪಕ್ಕ ಬಿಳಿ ಬಟ್ಟೆ ಇಡಬೇಡಿ, ಉಜ್ಜಿದರೂ ನೀಲಿ ಹತ್ತುತ್ತದೆ.

ಟೀ ಶರ್ಟು ಹೆಣೆದ ಬಟ್ಟೆ, ನೇಯ್ದದ್ದಲ್ಲ. ಎಲ್ಲ ತೊಂದರೆಯ ಮೂಲ ಅದೇ: ಎಳೆದರೆ ಜಗ್ಗುತ್ತದೆ, ಕತ್ತರಿಸಿದರೆ ಅಂಚು ಸುರುಳಿ. ಹೊದಿಕೆಯ ಮುಖಕ್ಕೆ ಬಳಸುವುದಾದರೆ ಹಿಂದೆ ಇಸ್ತ್ರಿಯಲ್ಲಿ ಅಂಟುವ ತೆಳು ಕ್ಯಾನ್ವಾಸ್ ಹಚ್ಚಿ, ಆಮೇಲೆ ಅಳತೆಗೆ ಕತ್ತರಿಸಿ; ಮೊದಲು ಕತ್ತರಿಸಿ ಆಮೇಲೆ ಹಚ್ಚಿದರೆ ಚೌಕ ಸೊಟ್ಟ. ಇಸ್ತ್ರಿಯನ್ನು ಉಜ್ಜದೆ ಒತ್ತಿ ಎತ್ತಬೇಕು, ಚಿತ್ರವಿರುವ ಬದಿಗೆ ನೇರವಾಗಿ ಮುಟ್ಟಿಸಲೇಬಾರದು. ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಇಲ್ಲದಿದ್ದರೆ ನೂಲು ಕತ್ತರಿಸಿ ತೂತು ಬೀಳುತ್ತದೆ. ಸಿದ್ಧವಾದದ್ದನ್ನು ಹಗ್ಗಕ್ಕೆ ತೂಗುಹಾಕದೆ ಮಲಗಿಸಿ ಒಣಗಿಸಿ. ಇಷ್ಟೆಲ್ಲ ಬೇಡವೆನಿಸಿದರೆ ಟೀ ಶರ್ಟನ್ನು ಒಳಪದರಕ್ಕೆ ಬಿಡಿ, ಅಲ್ಲಿ ಅದರಷ್ಟು ಮೆತ್ತನೆಯದು ಇನ್ನೊಂದಿಲ್ಲ.

ಶುದ್ಧ ಉಣ್ಣೆಯ ಸ್ವೆಟರನ್ನು ಬೇಕೆಂದೇ ಬಿಸಿನೀರಿನಲ್ಲಿ ಕುಲುಕಿ ಒಗೆದರೆ ಕುಗ್ಗಿ ದಪ್ಪ ಕಂಬಳಿಯಂತಾಗುತ್ತದೆ. ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಅಂಚಿಗೆ ಅಂಚು ತಾಗಿಸಿ ಅಗಲದ ಜಿಗ್‌ಜಾಗ್ ಹಾಕಿದರೆ ದಿಂಡೇ ಇಲ್ಲದ ಹೊದಿಕೆ. ಮಿಷನ್ನಿನಲ್ಲಿ ಒಗೆಯಬಹುದೆಂದು ಬರೆದಿರುವ ಉಣ್ಣೆ ಮತ್ತು ಅಕ್ರಿಲಿಕ್ ಹೀಗೆ ಕೂಡಿಕೊಳ್ಳುವುದಿಲ್ಲ. ಕತ್ತರಿಸಿದ ಕೂಡಲೇ ಬಿಚ್ಚಲು ಶುರು. ಆದ್ದರಿಂದ ಕುಗ್ಗಿಸಿ ನೋಡಿದ ಮೇಲೆ ಕತ್ತರಿ ಎತ್ತಿ.

ರೇಷ್ಮೆಯ ಬಗ್ಗೆ ಎರಡೇ ಮಾತು. ಬೆವರಿಗೆ, ಬಿಸಿಲಿಗೆ ಸೋತು ಮಡಿಕೆಯಲ್ಲೇ ಸೀಳುತ್ತದೆ, ಜರಿ ಮೈ ಗೀಚುತ್ತದೆ. ಕೌದಿಯ ಅಂಚಿನ ಅಲಂಕಾರಕ್ಕೆ ಸಾಕು.

ಒಳಗೆ ತುಂಬುವುದು

ಹೊದಿಕೆಯ ಒಳಪದರಕ್ಕೆ ಹಳೇ ಹೊದಿಕೆಯೇ ಮೊದಲ ಆಯ್ಕೆ: ಕುಗ್ಗಿ ಮುಗಿದಿದೆ, ಗಂಟಾಗದು. ನಂತರ ಟೀ ಶರ್ಟು. ಎರಡು ಪದರ ಹಾಕಿದರೆ ಒಬ್ಬರ ಹೊದಿಕೆಗೆ ಸುಮಾರು ಒಂದು ಕಿಲೋ ತೂಕ. ತುಂಡುಗಳನ್ನು ಒಂದರ ಮೇಲೊಂದು ಏರಿಸದೆ ಅಂಚಿಗೆ ಅಂಚು ಜೋಡಿಸಿ. ಏರಿಸಿದ ಕಡೆಯೆಲ್ಲ ಮೇಲಿನಿಂದ ಗೆರೆ ಎದ್ದು ಕಾಣುತ್ತದೆ.

ಕತ್ತರಿಸಿ ಉಳಿದ ಚೂರುಗಳನ್ನು ದಿಂಬಿಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ನೇಯ್ದ ಬಟ್ಟೆಯ ಚೂರು ಒತ್ತಿ ಕಲ್ಲಾಗುತ್ತದೆ, ಮಲಗುವ ದಿಂಬಿನಷ್ಟು ತುಂಬಿದರೆ ಎತ್ತಲು ಎರಡು ಕೈ ಬೇಕು. ಹೆಣೆದ ಬಟ್ಟೆಯನ್ನು 2–3 ಸೆಂ.ಮೀ. ಚೂರು ಮಾಡಿದರೆ ತುಸು ಪುಟಿಯುತ್ತದೆ, ಕೂರುವ ದಿಂಬಿಗೆ ಹೊಂದುತ್ತದೆ. ಚೂರುಗಳನ್ನು ನೇರವಾಗಿ ಗವಸಿಗೆ ತುಂಬದೆ ಬೇರೆ ಚೀಲದಲ್ಲಿ ಹೊಲಿದಿಡಿ, ಗವಸು ಒಗೆಯಲು ಬಿಚ್ಚಬೇಕಲ್ಲ. ಒಂದು ವರ್ಷ ತುಂಬದ ಮಗು ಮಲಗುವ ಜಾಗಕ್ಕೆ ಮಾತ್ರ ಇಂಥ ದಿಂಬು, ಕೌದಿ, ಗುಂಡಿಯಿರುವ ಗವಸು ಯಾವುದೂ ಹೋಗಬಾರದು; ಮೆತ್ತನೆಯ ಹೊದಿಕೆ ಮೂಗು ಮುಚ್ಚಿ ಉಸಿರು ಕಟ್ಟೀತು. ಅಲ್ಲಿಗೆ ಬೇಕಿರುವುದು ಬಿಗಿಯಾಗಿ ಎಳೆದು ಸಿಕ್ಕಿಸಿದ ಹತ್ತಿಯ ಮೇಲುಹಾಸು ಒಂದೇ, ಅದಕ್ಕೆ ಸೀರೆಯ ಉಳಿಕೆಯೇ ಆದೀತು.